ಮೂರನೆಯ ಪೆಟ್ಟಿಗೆಯ ವಾಸನೆ

ವಾಸನೆ ನಿಜವಾಗಿ ಇತ್ತೋ, ತನ್ನ ಮೂಗೇ ಅದನ್ನು ಹುಟ್ಟಿಸಿಕೊಂಡಿತೋ ಎಂಬುದು ಅಮರೇಶನಿಗೆ ಖಾತ್ರಿಯಾಗಲಿಲ್ಲ. ಬೆಳಿಗ್ಗೆ ಮೇಟಗಳ್ಳಿಯ ಸ್ಥಾವರದ ಗೇಟು ದಾಟಿ, ಸಾಲಾಗಿ ನಿಂತ ಬಿಳಿಯ ಪೆಟ್ಟಿಗೆಗಳ ನಡುವೆ ಎಂದಿನಂತೆ ಒಂದು ಸುತ್ತು ಹಾಕುತ್ತಿದ್ದಾಗ ಮೂರನೆಯ ಪೆಟ್ಟಿಗೆಯ ಮಗ್ಗುಲಲ್ಲಿ ಅದು ಬಂದು ತಾಕಿತು. ತೆಳುವಾಗಿ, ಸಿಹಿಯಾಗಿ, ಉಗುರುಬಣ್ಣ ಅಳಿಸುವ ದ್ರವದ ಹಾಗೆ. ನಿಂತ. ಮತ್ತೆ ಉಸಿರೆಳೆದುಕೊಂಡ. ಏನೂ ಇರಲಿಲ್ಲ. ಕೆ.ಆರ್.ಎಸ್. ರಸ್ತೆಯ ಲಾರಿಗಳ ಹೊಗೆ, ಪಕ್ಕದ ಕಾರ್ಖಾನೆಯ ಕ್ಯಾಂಟೀನಿನಿಂದ ಬರುವ ಉಪ್ಪಿಟ್ಟಿನ ಒಗ್ಗರಣೆ, ಅಷ್ಟೇ. ಎರಡು ಹೆಜ್ಜೆ ಹಿಂದೆ ಹೋಗಿ, ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಪೆಟ್ಟಿಗೆಯ ಬಾಗಿಲ ಸಂದಿಗೆ ಮೂಗು ಹಚ್ಚಿದ. ಆಗ ಮತ್ತೆ ಬಂದ ಹಾಗಾಯಿತು. ಬಂದ ಹಾಗಾಯಿತು ಎನ್ನುವುದಕ್ಕಿಂತ ಹೆಚ್ಚಿನದನ್ನು ಅವನು ತನಗೆ ತಾನೇ ಹೇಳಿಕೊಳ್ಳಲಾರನಾದ. ಲಾರಿಯ ಮೇಲೆ ಸಾಗಿಸುವ ಕಂಟೇನರಿನಷ್ಟು ದೊಡ್ಡದಾದ ಆ ಪೆಟ್ಟಿಗೆಗಳ ಒಳಗೆ ಅಟ್ಟಣೆ ಅಟ್ಟಣೆಯಾಗಿ ಬ್ಯಾಟರಿಗಳಿದ್ದವು. ಎಲ್ಲೋ ದೂರದ ಬಯಲಿನಲ್ಲಿ ಹಗಲೆಲ್ಲ ಬಿಸಿಲಿನಿಂದ ಹುಟ್ಟಿದ ವಿದ್ಯುತ್ತು ಬಂದು ಇಲ್ಲಿ ತಂಗಿ, ಸಂಜೆ ಸುತ್ತಲಿನ ಕಾರ್ಖಾನೆಗಳಿಗೆ ಹೋಗುತ್ತಿತ್ತು. ‘ಬಿಸಿಲಿಗೆ ಉಪ್ಪಿನಕಾಯಿ ಹಾಕೋ ಕೆಲಸ ನಮ್ಮನೆಯವರದ್ದು’ ಎಂದು ಹೆಂಡತಿ ಅನು ನೆಂಟರನ್ನು ನಗಿಸುತ್ತಿದ್ದಳು. ಅವನೂ ನಗುತ್ತಿದ್ದ. ಜಾಡಿ ಕೆಟ್ಟರೆ ಏನಾಗುತ್ತದೆ ಎಂಬುದನ್ನು ಅವಳಿಗೆ ಎಂದೂ ಬಿಡಿಸಿ ಹೇಳಿರಲಿಲ್ಲ. ಹೇಳಿದ್ದರೆ ಅವಳ ಭಯವನ್ನೂ ತಾನೇ ಹೊರಬೇಕಾಗುತ್ತಿತ್ತು.

ಮಾನಿಟರ್ ಕೋಣೆಯಲ್ಲಿ ಕೂತು ಪರದೆ ನೋಡಿದ. ಮೂರನೆಯದರ ಶಾಖ ಉಳಿದವಕ್ಕಿಂತ ಒಂದು ಕೂದಲೆಳೆ ಹೆಚ್ಚಿತ್ತು, ಆದರೆ ಮಿತಿಯೊಳಗೇ ಇತ್ತು. ಕೆಟ್ಟ ಬ್ಯಾಟರಿಯಿಂದ ಹೊತ್ತಿ ಸಿಡಿಯುವಂಥ ಅನಿಲ ಸೋರಿದರೆ ಕೂಗಿಕೊಳ್ಳಬೇಕಾದ ಸಂವೇದಕದ ಜಾಗದಲ್ಲಿ ಸೊನ್ನೆ. ಆ ಸೊನ್ನೆಯ ಅರ್ಥ ಅವನಿಗೊಬ್ಬನಿಗೆ ಗೊತ್ತಿತ್ತು, ಇನ್ನೊಬ್ಬ ರವಿಚಂದ್ರನಿಗೆ. ಅದು ಸೋರಿಕೆ ಇಲ್ಲವೆಂಬ ಸೊನ್ನೆಯಲ್ಲ, ಕೆಟ್ಟು ಕೂತ ಸಂವೇದಕದ ಸೊನ್ನೆ. ಬೇರೆಯದನ್ನು ತರಿಸೋಣ, ಅಲ್ಲಿಯವರೆಗೆ ಮೂರನೆಯದನ್ನು ನಿಲ್ಲಿಸೋಣ ಎಂದು ಅಮರೇಶ ಹೇಳಿದಾಗ ಕಂಪನಿಯ ನಿರ್ದೇಶಕನಾದ ರವಿಚಂದ್ರ, ‘ಅವರು ಬಂದು ನೋಡ್ಕೊಂಡು ಹೋಗ್ಲಿ ಕಣ್ರೀ ಅಮರೇಶ್, ಆಮೇಲೆ ಏನ್ ಬೇಕಾದ್ರೂ ಮಾಡಿ. ಬಾಯಿ ಮುಚ್ಚಿದ ಪೆಟ್ಟಿಗೇನ ಅವರಿಗೆ ತೋರಿಸೋಕಾಗುತ್ತಾ?’ ಎಂದಿದ್ದ. ಅವರು ಎಂದರೆ ಯುರೋಪಿನ ಯಾವುದೋ ಪಿಂಚಣಿ ನಿಧಿಯವರು. ಅಲ್ಲಿಯ ನಿವೃತ್ತ ಮೇಷ್ಟ್ರುಗಳ, ನರ್ಸುಗಳ ದುಡ್ಡನ್ನು ನಮ್ಮಂಥ ದೇಶಗಳ ಬಿಸಿಲಿಗೂ ಗಾಳಿಗೂ ಹಾಕುವವರು. ಈ ಸ್ಥಾವರ ಅವರಿಗೆ ಒಪ್ಪಿಗೆಯಾದರೆ ಇಂಥವನ್ನೇ ಇನ್ನೂ ಹಲವು ಕಡೆ ಕಟ್ಟುವುದೆಂದು ಮಾತಾಗಿತ್ತು. ‘ಹೂಡಿಕೆ ಅಂದ್ರೆ ದುಡ್ಡಲ್ಲ ಕಣ್ರೀ,’ ರವಿಚಂದ್ರ ಹೇಳುತ್ತಿದ್ದ, ‘ಹೂಡಿಕೆ ಅಂದ್ರೆ ಭಯ ಇಲ್ಲದಿರೋದು. ನಮ್ಮ ದೇಶದ ಹೆಸರು ಕೇಳಿದ ಕೂಡ್ಲೇ ಅವರು ಬಡ್ಡಿ ಏರಿಸ್ತಾರೆ. ಯಾಕೆ? ಭಯ. ಅದೇ ಬಿಸಿಲು, ಅದೇ ಬ್ಯಾಟರಿ, ಅವರ ಊರಲ್ಲಾದ್ರೆ ಅಗ್ಗ, ನಮ್ಮ ಊರಲ್ಲಿ ತುಟ್ಟಿ. ಆ ಭಯಾನ ತೆಗೀಬೇಕು ನಾವು.’ ಅದು ಸುಳ್ಳಲ್ಲವೆಂದು ಅಮರೇಶನಿಗೆ ಗೊತ್ತಿತ್ತು. ರವಿಚಂದ್ರ ಕೆಟ್ಟ ಮನುಷ್ಯನೂ ಅಲ್ಲ. ಕೆಟ್ಟ ಮನುಷ್ಯನಾಗಿದ್ದಿದ್ದರೆ ಎದುರು ನಿಲ್ಲುವುದು ಸುಲಭವಾಗುತ್ತಿತ್ತೇನೋ.

ಹೋದ ಬೇಸಗೆಯಲ್ಲಿ ಹೀಗೆಯೇ ಒಂದು ವಾಸನೆ ಬಂದಿತ್ತು. ಆಗ ಅವನು ಹಿಂದೆಮುಂದೆ ನೋಡದೆ ಇಡೀ ಸ್ಥಾವರವನ್ನು ನಿಲ್ಲಿಸಿ ಎಲ್ಲರನ್ನೂ ಹೊರಗೆ ಅಟ್ಟಿದ್ದ. ಕೊನೆಗೆ ನೋಡಿದರೆ ಗೋಡೆಯಾಚೆಯ ಶೆಡ್ಡಿನಲ್ಲಿ ಯಾರೋ ಕಬ್ಬಿಣದ ಬಾಗಿಲಿಗೆ ಬಣ್ಣ ಹೊಡೆಯುತ್ತಿದ್ದರು, ಥಿನ್ನರಿನ ವಾಸನೆ ಅದು. ಅಂದಿನಿಂದ ರವಿಚಂದ್ರ ಸಭೆಗಳಲ್ಲಿ ‘ನಮ್ಮ ಅಮರೇಶ್ ಮೂಗು ಏನನ್ನುತ್ತೆ?’ ಎಂದು ಕೇಳುವುದು, ಎಲ್ಲರೂ ನಗುವುದು, ಅವನೂ ಮೂಗಿನ ಮೇಲೆ ಬೆರಳಿಟ್ಟುಕೊಂಡು ನಗುವುದು ರೂಢಿಯಾಗಿಹೋಗಿತ್ತು. ಹಾಗೆ ಬೆರಳಿಟ್ಟುಕೊಂಡು ನಕ್ಕದ್ದೇ ಅವನನ್ನು ಹೆಚ್ಚು ಚುಚ್ಚುತ್ತಿತ್ತು. ಬನ್ನಿಮಂಟಪದ ಮೈದಾನದಲ್ಲಿ, ಆಗ ಎಷ್ಟು ವಯಸ್ಸೋ, ಅಪ್ಪ ಸದಾಶಿವಯ್ಯನವರ ಹೆಗಲ ಮೇಲೆ ಕೂತು ದಸರೆಯ ಪಂಜಿನ ಕವಾಯತು ನೋಡುತ್ತಿದ್ದಾಗ ಯಾವುದೋ ಪಂಜಿನಿಂದ ಒಂದು ಕಿಡಿ ಹಾರಿದ್ದನ್ನು ಕಂಡು ‘ಬೆಂಕಿ, ಬೆಂಕಿ’ ಎಂದು ಕಿರುಚಿಕೊಂಡಿದ್ದ. ಸುತ್ತ ನಿಂತವರೆಲ್ಲ ತಿರುಗಿ ನೋಡಿ ಗೊಳ್ಳೆಂದು ನಕ್ಕಿದ್ದರು. ಸಾವಿರ ಪಂಜು ಉರಿಯುತ್ತಿರುವ ಕಡೆ ಬೆಂಕಿ ಅನ್ನುತ್ತಾನಲ್ಲಪ್ಪ ಈ ಹುಡುಗ! ಅಪ್ಪ ಅವನನ್ನು ಹೆಗಲಿನಿಂದ ಇಳಿಸಿ ನೆಲಕ್ಕೆ ಬಿಟ್ಟಿದ್ದರು. ಅಲ್ಲಿಂದ ಆಚೆಗೆ ಅವನಿಗೆ ಕಂಡದ್ದು ಜನರ ಬೆನ್ನುಗಳು ಮಾತ್ರ. ಪರದೆಯ ಮೇಲಿನ ಸೊನ್ನೆಯನ್ನು ನೋಡುತ್ತ ಅವನು ಮೂಗು ಉಜ್ಜಿಕೊಂಡ. ಇವತ್ತು ಬೇಡ, ಅಂದುಕೊಂಡ. ಇವತ್ತೊಂದು ದಿನ ಮೂಗು ಇಲ್ಲದವನ ಹಾಗೆ ಇದ್ದುಬಿಡುತ್ತೇನೆ.

ಹುಡುಗಿಯರಿಬ್ಬರೂ ಒಂದೇ ಸ್ಕೂಟರಿನಲ್ಲಿ ಬಂದಿಳಿದರು. ಲಾಸ್ಯ ಅವನ ಮಗಳು. ನಯನಾ ಅವಳ ಗೆಳತಿ. ಇಬ್ಬರೂ ಎಂಜಿನಿಯರಿಂಗ್ ಕೊನೆಯ ವರ್ಷದವರು, ಎರಡು ತಿಂಗಳ ತರಬೇತಿಗೆಂದು ಇಲ್ಲಿಗೆ ಬರುತ್ತಿದ್ದವರು. ನಯನಾಳಿಗೆ ತಂದೆಯಿಲ್ಲ. ತಾಯಿ ದೇವಿರಮ್ಮ ಇಲವಾಲದ ಕಡೆಯ ಒಕ್ಕಲುಮನೆಯಿಂದ ಬಂದು, ಇಲ್ಲೇ ಮೇಟಗಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದು, ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಾಡಿ ಮಗಳನ್ನು ಓದಿಸಿದವಳು. ಹೊರಗಿನವರು ಬಂದಾಗ ಹೆಣ್ಣುಮಕ್ಕಳೇ ಎಲ್ಲ ವಿವರಿಸಲಿ, ಅವರಿಗೆ ಅದು ಹಿಡಿಸುತ್ತದೆ ಎಂದು ರವಿಚಂದ್ರ ಹೇಳಿದ್ದ. ಮಗಳನ್ನು ಹಾಗೆ ಪ್ರದರ್ಶನಕ್ಕೆ ಇಡುವುದು ಅಮರೇಶನಿಗೆ ಕಿರಿಕಿರಿಯಾಗಿತ್ತು, ಹೆಮ್ಮೆಯೂ ಆಗಿತ್ತು. ಇಬ್ಬರೂ ಹೆಲ್ಮೆಟ್ ಹಿಡಿದು, ಇಂಗ್ಲಿಷಿನಲ್ಲಿ ಹೇಳಬೇಕಾದ್ದನ್ನು ಒಬ್ಬಳಿಗೊಬ್ಬಳು ಒಪ್ಪಿಸುತ್ತ, ತಪ್ಪಿದಲ್ಲಿ ನಗುತ್ತ, ಮೂರನೆಯ ಪೆಟ್ಟಿಗೆಯ ನೆರಳಿನಲ್ಲಿ ನಿಂತಿದ್ದರು. ಲಾಸ್ಯಳ ಬೆನ್ನು ಪೆಟ್ಟಿಗೆಯ ತಗಡಿಗೆ ಒರಗಿತ್ತು. ಅದನ್ನು ಕಂಡ ಅಮರೇಶ ಬಿರಬಿರನೆ ಅವರ ಕಡೆ ನಡೆದ. ಮುಂದಿನ ಮಾತು ಅವನು ಯೋಚಿಸಿ ಆಡಿದ್ದಲ್ಲ.

‘ಲಾಸ್ಯ, ಬರೋರಿಗೆ ತೊಡಿಸೋ ಪೇಟ ತರೋದೇ ಮರೆತುಹೋಯ್ತಲ್ಲೇ. ಲಷ್ಕರ್ ಮೊಹಲ್ಲಾದಲ್ಲಿ, ಅಶೋಕ ರಸ್ತೆ ಮೇಲೆ, ಆ ಶಾಲು-ಹಾರದ ಅಂಗಡಿ ಇದೆಯಲ್ಲ. ಹೋಗಿ ಎರಡು ಪೇಟ ತಗೊಂಬಾ.’

‘ಈಗ್ಲಾ? ಅವರು ಬರೋ ಹೊತ್ತಾಯ್ತು ಅಪ್ಪ. ಶುರುವಿನ ಭಾಗ ನಾನೇ ಹೇಳ್ಬೇಕು.’

‘ನಯನಾ ಹೇಳ್ತಾಳೆ ಬಿಡು.’

ನಯನಾ, ‘ಸರ್, ನಾನೂ ಹೋಗ್ತೀನಿ, ಇಬ್ಬರು ಹೋದ್ರೆ ಗಾಡಿ ನಿಲ್ಸೋ ತಾಪತ್ರಯ ಇರಲ್ಲ, ಬೇಗ ಬಂದ್ಬುಡ್ತೀವಿ,’ ಎಂದಳು.

‘ಬೇಡ,’ ಅಂದ ಅಮರೇಶ. ‘ನೀನಿರು. ಒಬ್ಬರಾದ್ರೂ ಇರ್ಬೇಕು.’

ಆ ಮಾತು ಆಡಿದವನು ಬೇರೆ ಯಾರೋ, ತಾನು ಬದಿಗೆ ನಿಂತು ಕೇಳಿಸಿಕೊಂಡೆ ಎನ್ನಿಸಿತು. ಸ್ಕೂಟರು ಗೇಟು ದಾಟಿ ಕಣ್ಮರೆಯಾದ ಮೇಲೆ ಎದೆ ಹಗುರಾಯಿತು. ಆ ಹಗುರಕ್ಕೆ ಅವನು ಬೆಚ್ಚಿದ. ಪೇಟಗಳು ಹಿಂದಿನ ಸಂಜೆಯೇ ಅವನ ಕಾರಿನ ಡಿಕ್ಕಿಗೆ ಬಂದು ಸೇರಿದ್ದವು. ಇಲ್ಲ, ಇಲ್ಲ, ಎರಡು ಸಾಲದು, ಅವರ ಜೊತೆ ಇನ್ನೂ ಯಾರಾದರೂ ಬಂದರೆ ಹೆಚ್ಚಿಗೆ ಬೇಕಾಗುತ್ತದೆ ಎಂದು ತನ್ನೊಳಗೇ ಯಾರಿಗೋ ಸಮಜಾಯಿಷಿ ಹೇಳಿದ. ವಾಸನೆ ಇಲ್ಲದಿದ್ದ ಮೇಲೆ ಅವಳು ಹೋದರೇನು, ಇದ್ದರೇನು? ವಾಸನೆ ಇದ್ದರೆ? ಆ ವಾಕ್ಯವನ್ನು ಮುಗಿಸಲಿಲ್ಲ. ನಯನಾ ಗೋಡೆಗೆ ಮುಖ ಮಾಡಿ ಒಬ್ಬಳೇ ಇಂಗ್ಲಿಷು ಒಪ್ಪಿಸುತ್ತಿದ್ದಳು. ಅವಳ ಕುತ್ತಿಗೆಯ ಹಿಂದೆ ಹೆಲ್ಮೆಟಿನ ಪಟ್ಟಿ ತಿರುಚಿಕೊಂಡಿತ್ತು. ಸರಿಮಾಡಬೇಕೆಂದು ಕೈ ಎತ್ತಿ, ಏನೋ ಅಳುಕಿ ಕೈ ಇಳಿಸಿದ. ಶನಿವಾರಗಳಲ್ಲಿ ಮನೆಗೆ ಬಂದು, ಅನು ಮಾಡಿದ ಅಕ್ಕಿರೊಟ್ಟಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕೂತೇ ತಿನ್ನುವ ಹುಡುಗಿ ಇವಳು.

ಬಂದವರು ಇಬ್ಬರು. ಬೆಳ್ಳಗೆ ಎತ್ತರವಾಗಿದ್ದ ಹಿರಿಯ ಹೆಂಗಸು, ಮತ್ತು ಏನು ಹೇಳಿದರೂ ತಲೆಯಾಡಿಸುವ ಒಬ್ಬ ಯುವಕ. ರವಿಚಂದ್ರ ಅವರನ್ನು ಮಾತಿನ ಮೇಲೆ ಮಾತು ಪೋಣಿಸುತ್ತ ಕರೆತಂದ. ನಯನಾ ಶುರುಮಾಡಿದಳು. ಮೊದಲು ನಡುಗಿದ ಧ್ವನಿ ಆಮೇಲೆ ತಿಳಿಯಾಯಿತು. ಹಗಲಿನ ಬಿಸಿಲು ಹೇಗೆ ಸಂಜೆಯ ಯಂತ್ರವನ್ನು ತಿರುಗಿಸುತ್ತದೆ, ಕಲ್ಲಿದ್ದಲು ಸುಡುವುದು ಎಷ್ಟು ತಪ್ಪುತ್ತದೆ, ಎಲ್ಲವನ್ನೂ ಕೈಯಾಡಿಸಿ ಹೇಳಿದಳು. ಆ ಹೆಂಗಸು ಮಗಳನ್ನು ನೋಡುವ ಹಾಗೆ ಅವಳನ್ನೇ ನೋಡುತ್ತಿದ್ದಳು. ಅಮರೇಶ ಒಂದು ಹೆಜ್ಜೆ ಹಿಂದೆ, ಗಾಳಿ ಬೀಸುವ ಕಡೆಗೆ ಮುಖ ಮಾಡಿ ನಿಂತಿದ್ದ. ಉಸಿರನ್ನು ಬಾಯಿಯಿಂದ ಎಳೆದುಕೊಳ್ಳುತ್ತಿದ್ದೇನೆಂದು ಅವನಿಗೆ ಆಮೇಲೆ ಗೊತ್ತಾಯಿತು. ಮೂಗಿನಿಂದ ಎಳೆದುಕೊಂಡರೆ ತಿಳಿದುಬಿಡುತ್ತಿತ್ತು.

ಹೆಂಗಸು ಥಟ್ಟನೆ ಅವನ ಕಡೆ ತಿರುಗಿ, ನಿಧಾನವಾದ ಇಂಗ್ಲಿಷಿನಲ್ಲಿ, ‘ಈ ಜಾಗದಲ್ಲಿ ನಿಮಗೆ ಎಲ್ಲಕ್ಕಿಂತ ಹೆಚ್ಚು ಭಯ ಯಾವುದರದ್ದು?’ ಎಂದು ಕೇಳಿದಳು.

ರವಿಚಂದ್ರನ ನಗು ಹಾಗೆಯೇ ನಿಂತಿತು. ನಯನಾ ಕೂಡ ಕುತೂಹಲದಿಂದ ನೋಡಿದಳು. ಅಮರೇಶನ ನಾಲಗೆಯ ತುದಿಗೆ ಬಂದದ್ದು ಮೂರನೆಯ ಪೆಟ್ಟಿಗೆ. ಬಾಯಿಂದ ಹೊರಬಿದ್ದದ್ದು ಬೇರೆ. ‘ಭಯ ಪಡುವಂಥದ್ದು ಏನೂ ಇಲ್ಲ ಮೇಡಂ. ಎಲ್ಲ ಸುರಕ್ಷಿತವಾಗಿದೆ,’ ಎಂದ. ಎಷ್ಟು ಚೆನ್ನಾಗಿ ಹೇಳಿದನೆಂದರೆ, ಒಂದು ಗಳಿಗೆ ಅವನಿಗೂ ನಂಬಿಕೆ ಬಂತು. ಹೆಂಗಸು ತಲೆಯಾಡಿಸಿದಳು. ಅವಳಿಗೆ ಸಮಾಧಾನವಾಯಿತೋ ನಿರಾಸೆಯಾಯಿತೋ ತಿಳಿಯಲಿಲ್ಲ.

‘ಒಳಗೆ ಹೇಗಿರುತ್ತೆ ಅಂತ ತೋರಿಸೋಣ,’ ಎಂದ ರವಿಚಂದ್ರ. ‘ನಯನಾ, ಕೀ ತಗೋಮ್ಮ. ಇದನ್ನೇ ತೆಗಿ, ಬಣ್ಣ ಹೊಸದಾಗಿದೆ.’ ಅವನು ಬೆರಳು ತೋರಿಸಿದ್ದು ಮೂರನೆಯದಕ್ಕೆ.

ಆಗಲೇ ಅಮರೇಶನ ಜೇಬಿನಲ್ಲಿ ಫೋನು ನಡುಗಿತು. ಲಾಸ್ಯ. ಕಿವಿಗಿಟ್ಟುಕೊಂಡ. ಅಶೋಕ ರಸ್ತೆಯ ಹಾರನ್ನುಗಳ ನಡುವೆ ಅವಳ ಧ್ವನಿ.

‘ಅಪ್ಪ, ಪೇಟ ನೀವು ನಿನ್ನೇನೇ ತಗೊಂಡು ಹೋಗಿದೀರಂತೆ. ಅಂಗಡಿಯವರು ನಗ್ತಿದಾರೆ.’

ನಯನಾ ಕೀಲಿಗೊಂಚಲಿನಲ್ಲಿ ಸರಿಯಾದ ಕೀಲಿ ಹುಡುಕುತ್ತಿದ್ದಳು.

‘ಅಪ್ಪ? ಸರಿ, ನಾನು ವಾಪಸ್ ಬರ್ತಿದೀನಿ.’

‘ಬರಬೇಡ,’ ಎಂದ.

ಅತ್ತ ಕಡೆ ಹಾರನ್ನುಗಳು ಮಾತ್ರ. ಆಮೇಲೆ ಲಾಸ್ಯ ತೀರ ಮೆಲ್ಲಗೆ, ಚಿಕ್ಕವಳಿದ್ದಾಗ ಕರೆಂಟು ಹೋದ ಕೋಣೆಯಿಂದ ಕೂಗುತ್ತಿದ್ದ ಹಾಗೆ, ‘ಅಪ್ಪ, ನಯನಾ ಎಲ್ಲಿದಾಳೆ?’ ಎಂದಳು.

ಕೀಲಿ ಬೀಗದೊಳಗೆ ಹೋದ ಸದ್ದು ಕೇಳಿಸಿತು. ಅಮರೇಶ ಮೂಗಿನಿಂದ ಉಸಿರೆಳೆದುಕೊಂಡ. ಅದು ಇತ್ತು. ಸಿಹಿಯಾಗಿ, ದಟ್ಟವಾಗಿ, ಬಾಗಿಲ ಸಂದಿಯಿಂದ ಎಳೆಎಳೆಯಾಗಿ ಬರುತ್ತಿತ್ತು. ಬೆಳಗಿನಿಂದಲೂ ಇದ್ದದ್ದು ಇದೇ. ‘ತೆಗೀಬೇಡ!’ ಎಂದು ಕೂಗಿದ. ಧ್ವನಿ ಒಡೆದು ಹೆಣ್ಣುಧ್ವನಿಯಂತೆ ಕೀರಲಾಗಿ ಬಂತು. ಓಡಿಹೋಗಿ ನಯನಾಳ ಮುಂಗೈ ಹಿಡಿದು ಎಳೆದ ರಭಸಕ್ಕೆ ಅವಳು ಮುಗ್ಗರಿಸಿ ಮಂಡಿಯೂರಿದಳು. ‘ಹೊರಗೆ ನಡೀರಿ, ಎಲ್ಲರೂ, ರೋಡಿಗೆ ನಡೀರಿ!’ ರವಿಚಂದ್ರ ಹಲ್ಲು ಕಚ್ಚಿ, ‘ಅಮರೇಶ್, ಏನ್ರೀ ಇದು, ಮತ್ತೆ ಶುರುವಾಯ್ತಾ ನಿಮ್ಮ ಮೂಗು?’ ಎಂದದ್ದು ಕೇಳಿಸಿತು. ಅವನು ಗೇಟಿನ ಪಕ್ಕದ ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದ. ಸೈರನ್ನು ಹೊಡೆದುಕೊಂಡಿತು.

ರಸ್ತೆಯಾಚೆ, ಮುಚ್ಚಿದ ಕಾರ್ಖಾನೆಯೊಂದರ ಕಾಂಪೌಂಡಿನ ಪಕ್ಕ ಎಲ್ಲರೂ ನಿಂತರು. ಏನೂ ಆಗಲಿಲ್ಲ. ಬಿಳಿಯ ಪೆಟ್ಟಿಗೆಗಳು ಬಿಸಿಲಿನಲ್ಲಿ ಸುಮ್ಮನೆ ನಿಂತಿದ್ದವು. ಒಂದು ಎಳನೀರಿನ ಗಾಡಿ ಹೋಯಿತು. ರವಿಚಂದ್ರ ಬಂದವರಿಗೆ ನಗುನಗುತ್ತ ಏನೋ ಹೇಳುತ್ತಿದ್ದ, ಅಣಕು ಅಭ್ಯಾಸ ಎಂಬ ಮಾತು ಕಿವಿಗೆ ಬಿತ್ತು. ಅಮರೇಶನಿಗೆ ಆ ಹೊತ್ತಿನಲ್ಲಿ ಹುಟ್ಟಿದ ಆಸೆ ಎಂಥದೆಂದರೆ, ಅದನ್ನು ಆಮೇಲೆ ನೆನೆದಾಗಲೆಲ್ಲ ಅವನ ಕಿವಿ ಬಿಸಿಯಾಗುತ್ತಿತ್ತು. ಸ್ಫೋಟವಾಗಲಿ ಎಂದು ಅವನು ಬೇಡಿಕೊಂಡ. ಕೂಡಲೇ ಬೇಡ ಎಂದೂ ಬೇಡಿಕೊಂಡ. ಸ್ಫೋಟವಾದರೂ ತನ್ನ ಮಾನ ಹೋಗುತ್ತದೆ, ಆಗದಿದ್ದರೂ ಹೋಗುತ್ತದೆ. ಸ್ಫೋಟವಾದರೆ, ಬೆಳಿಗ್ಗೆಯೇ ತನಗೆ ಗೊತ್ತಿತ್ತೆಂದಾಗುತ್ತದೆ. ಮೂರನೆಯ ಪೆಟ್ಟಿಗೆಯ ನೆತ್ತಿಯಿಂದ ಬಿಳಿಯ ಹೊಗೆ ನೂಲಿನಂತೆ ಎದ್ದದ್ದನ್ನು ಮೊದಲು ನೋಡಿದವಳು ನಯನಾ. ‘ಸರ್,’ ಎಂದಳು, ಅಷ್ಟೇ. ನೂಲು ಹಗ್ಗವಾಯಿತು. ಆಮೇಲೆ ನೆಲದೊಳಗಿನಿಂದ ಬಂದಂಥ ಒಂದು ಗುದ್ದು. ಅವಳು ಕೀಲಿ ತಿರುಗಿಸಲು ನಿಂತಿದ್ದ ಬಾಗಿಲು ಹಾರಿ ಎದುರಿನ ಗೋಡೆಗೆ ಬಡಿದು ಮಡಿಚಿಕೊಂಡಿತು. ಹಿರಿಯ ಹೆಂಗಸು ಮೋರಿಯ ಕಲ್ಲಿನ ಮೇಲೆ ಕುಸಿದು ಕೂತಳು.

ಅಗ್ನಿಶಾಮಕದವರು ಬಂದು ನೀರು ಹೊಯ್ದು ಹೊಯ್ದು ಉಳಿದ ಪೆಟ್ಟಿಗೆಗಳನ್ನು ಕಾಪಾಡಿದರು. ಯಾರಿಗೂ ಒಂದು ಗೀರೂ ಆಗಲಿಲ್ಲ, ನಯನಾಳ ಮಂಡಿ ತರಚಿದ್ದು ಬಿಟ್ಟರೆ. ಹೊಗೆ ಇಳಿದ ಮೇಲೆ ಆ ಹೆಂಗಸು ಅಮರೇಶನ ಎರಡೂ ಕೈ ಹಿಡಿದುಕೊಂಡಳು. ಸಂವೇದಕ ಯಾಕೆ ಕೂಗಲಿಲ್ಲವೆಂಬುದನ್ನು ಆಮೇಲೆ ಮಾತಾಡಬೇಕು, ಅದನ್ನು ನಾವು ಬಿಡುವುದಿಲ್ಲ, ಎಂದಳು. ಆದರೆ ಯಜಮಾನ ಎದುರಿಗಿದ್ದರೂ ಅಂಜದೆ ಎಲ್ಲವನ್ನೂ ನಿಲ್ಲಿಸಿದ ಮನುಷ್ಯನನ್ನು ಇಷ್ಟು ದೇಶ ತಿರುಗಿದರೂ ತಾನು ನೋಡಿಲ್ಲವೆಂದೂ, ಇಂಥವನೊಬ್ಬ ಇರುವ ಕಡೆ ಹಣ ಹಾಕಲು ಹೆದರಬೇಕಾಗಿಲ್ಲವೆಂದೂ ಹೇಳಿದಳು. ರವಿಚಂದ್ರ ಎಲ್ಲರೆದುರಿಗೆ ಅವನನ್ನು ತಬ್ಬಿಕೊಂಡ. ರವಿಚಂದ್ರನ ಕಣ್ಣಲ್ಲಿ ನಿಜವಾದ ನೀರಿತ್ತು. ‘ನಿಮ್ಮ ಮೂಗಿಗೆ ಚಿನ್ನದ ಕವಚ ಮಾಡಿಸ್ಬೇಕು ಕಣ್ರೀ.’ ಯಾರೋ ಫೋಟೋ ತೆಗೆದರು. ಆ ಗುಂಪಿನ ಅಂಚಿನಲ್ಲಿ ಸ್ಕೂಟರು ನಿಂತಿತು. ಲಾಸ್ಯ ಇಳಿದಳು. ಸುಟ್ಟ ಪೆಟ್ಟಿಗೆಯನ್ನು ನೋಡಿದಳು. ಅವನನ್ನು ನೋಡಿದಳು. ಅವನ ಕಡೆ ಬರಲಿಲ್ಲ. ನೇರ ಹೋಗಿ ನಯನಾಳನ್ನು ತಬ್ಬಿ ಹಿಡಿದು, ಅವಳೇ ಸಾಕೆನ್ನುವ ತನಕ ಬಿಡಲಿಲ್ಲ.

ಬನ್ನಿಮಂಟಪದ ಅಮರೇಶನ ಮನೆಗೆ ಸಂಜೆ ದೀಪ ಹಚ್ಚುವ ಹೊತ್ತಿಗೆ ದೇವಿರಮ್ಮ ಮಗಳನ್ನು ಕರೆದುಕೊಂಡು ಬಂದಳು. ಚೀಲದಲ್ಲಿ ಹೂವು, ಬಾಳೆಹಣ್ಣು, ತೆಂಗಿನಕಾಯಿ. ಬಾಗಿಲಲ್ಲೇ ನಿಂತು ಅವನ ಕಾಲಿಗೆ ಬೀಳಲು ಬಗ್ಗಿದವಳನ್ನು ಅಮರೇಶ ಹಾರಿ ಹಿಂದೆ ಸರಿದು ತಪ್ಪಿಸಿದ. ಹಿಂದೆ ಸರಿದ ಬಗೆ ನೋಡಿ ಅನು, ‘ಅಯ್ಯೋ, ಕಾಲಿಗೆಲ್ಲ ಯಾಕ್ರೀ, ಬನ್ನಿ ಕೂತ್ಕೊಳ್ಳಿ,’ ಎಂದು ನಕ್ಕಳು.

‘ಎಂಗೆ ಸುಮ್ಕಿರ್ಲವ್ವಾ?’ ಎಂದಳು ದೇವಿರಮ್ಮ. ‘ಇರೋದೊಂದು ಕೂಸು ನಂಗೆ. ನಿಮ್ಮ ಮಗಳು ಬ್ಯಾರೆ ಅಲ್ಲ, ನನ್ನ ಮಗಳು ಬ್ಯಾರೆ ಅಲ್ಲ ಅನ್ನಂಗೆ ನೋಡ್ಕಂಡ್ರಿ ಸಾಮಿ. ಅಂಗೇ ಕೈ ಇಡ್ದು ಎಳ್ಕಂಬುಟ್ರಂತೆ.’

ಅಮರೇಶ ನೆಲ ನೋಡಿದ. ಲಾಸ್ಯ ಬಂದು ನಯನಾಳ ಪಕ್ಕ ಕೂತು, ಅವಳ ಮಂಡಿಯ ಪಟ್ಟಿಯನ್ನು ಬೆರಳಿನಿಂದ ಸವರುತ್ತಿದ್ದಳು. ಮಧ್ಯಾಹ್ನದಿಂದ ಅವಳು ಅವನೊಂದಿಗೆ ಒಂದು ಮಾತೂ ಆಡಿರಲಿಲ್ಲ. ಅನುವಿಗೂ ಏನೂ ಹೇಳಿರಲಿಲ್ಲ. ಹೇಳಿಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಮುಗಿದಾದರೂ ಹೋಗುತ್ತಿತ್ತು.

‘ಅಂಕಲ್,’ ಎಂದಳು ನಯನಾ. ಅವಳ ಮುಖದಲ್ಲಿ ಯಾವ ಅನುಮಾನವೂ ಇರಲಿಲ್ಲ. ಓದುವ ಹುಡುಗಿಯ ಆಸೆಬುರುಕ ಕುತೂಹಲವಷ್ಟೇ. ‘ನಾನು ಅಷ್ಟು ಹೊತ್ತು ಅಲ್ಲೇ ನಿಂತಿದ್ರೂ ನಂಗೆ ವಾಸನೇನೇ ತಿಳೀಲಿಲ್ಲ. ನಿಮಗೆ ಮೊದಲು ಯಾವಾಗ ಗೊತ್ತಾಯ್ತು?’

ಬೆಳಿಗ್ಗೆ ಎಂಬ ಒಂದೇ ಮಾತು. ಅದನ್ನು ಆಡಲೆಂದೇ ಅವನು ಬಾಯಿ ತೆರೆದ, ಆಡಿಯೂ ಬಿಡುತ್ತಿದ್ದನೇನೋ. ಅಷ್ಟರಲ್ಲಿ ಲಾಸ್ಯ ತಲೆಯೆತ್ತದೆ, ‘ಗೊತ್ತಾದ ಕೂಡ್ಲೇ ಕೂಗಿದ್ರು ಕಣೇ. ಅಪ್ಪ ಒಂಚೂರೂ ತಡ ಮಾಡ್ಲಿಲ್ಲ,’ ಎಂದಳು. ಸರಾಗವಾಗಿ, ಹಿತವಾಗಿ, ಕೇಳಿದವರು ಇನ್ನೊಂದು ಪ್ರಶ್ನೆ ಕೇಳದ ಹಾಗೆ ಹೇಳಿದಳು. ಸುಳ್ಳನ್ನು ಇಷ್ಟು ಚೆನ್ನಾಗಿ ಹೇಳುವುದು ಅವಳಿಗೆ ಬರುತ್ತದೆಂದು ಅಮರೇಶನಿಗೆ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲವೇನೋ. ಹೇಳಿ ಮುಗಿಸಿದ ಮೇಲೆ ಅವಳ ಬೆರಳು ಗೆಳತಿಯ ಮಂಡಿಯಿಂದ ಮೆಲ್ಲಗೆ ಹಿಂದಕ್ಕೆ ಬಂತು.

ಅವರು ಹೊರಟರು. ಲಾಸ್ಯ ಗೇಟಿನವರೆಗೆ ಹೋದಳು. ಹುಡುಗಿಯರಿಬ್ಬರ ಮಾತು ಕೇಳಿಸುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಅಮರೇಶ ಕುರ್ಚಿಯ ಅಂಚಿಗೆ ಬಂದು ಕಿವಿಗೊಟ್ಟ. ಒಂದು ಸಲ ನಯನಾ ‘ಹೌದಾ?’ ಎಂದದ್ದು ಸ್ಪಷ್ಟವಾಗಿ ಕೇಳಿಸಿ ಅವನು ಕುರ್ಚಿಯಿಂದ ಅರ್ಧ ಎದ್ದ. ಆಮೇಲೆ ನಗು. ಏನೋ ಕಾಲೇಜಿನ ಮಾತಿರಬೇಕು. ಗೇಟು ಮುಚ್ಚಿತು. ಚಪ್ಪಲಿಯ ಸದ್ದು ಹತ್ತಿರ ಬಂದು, ಹೊಸ್ತಿಲ ಹೊರಗೆ ನಿಂತಿತು. ಅನು ಅಡುಗೆಮನೆಯಲ್ಲಿ ಕಾಯಿ ಒಡೆಯುತ್ತಿದ್ದಳು.

‘ಅಪ್ಪ,’ ಲಾಸ್ಯ ಹೊರಗೇ ನಿಂತು ಹೇಳಿದಳು, ‘ನಾಳೆ ಅವಳಿಗೆ ನಿಜ ನೀವೇ ಹೇಳಿ. ಇನ್ನೊಂದು ಸಲ ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ.’

‘ಹೂಂ,’ ಅಂದ ಅಮರೇಶ. ಎಷ್ಟು ಬೇಗ, ಎಷ್ಟು ಸುಲಭವಾಗಿ ಅಂದುಬಿಟ್ಟೆನೆಂದು ಅವನಿಗೇ ಭಯವಾಯಿತು. ಆ ಸಲೀಸು ಲಾಸ್ಯಳಿಗೂ ಕೇಳಿಸಿರಬೇಕು. ಅವಳು ಒಳಗೆ ಬರದೆ ಅಲ್ಲೇ ನಿಂತಿದ್ದಳು.